ಒಂಬತ್ತೇ ದೋಣಿ ಇರೋ ಕ್ಲಬ್‌ನಲ್ಲಿ ಪ್ರೊಟೆಸ್ಟ್ ಹಾಕ್ಬೇಕಾ, ಕಾಫಿ ಕುಡಿದು ಮರೀಬೇಕಾ?

ಗಾಳಿಗುಂಡ (ಮಂಗಳವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ನಮ್ಮದು ಬೆಂಗಳೂರಿನ ಹೊರಗೆ ಒಂದು ಕೆರೆ ದಡದಲ್ಲಿರೋ ಪುಟ್ಟ ಸೈಲಿಂಗ್ ಕ್ಲಬ್. ಹೆಸರು ಹೇಳಲ್ಲ, ಗೊತ್ತಿರೋರಿಗೆ ಹೆಂಗಿದ್ರೂ ಗೊತ್ತಾಗುತ್ತೆ. ಒಂಬತ್ತು ದೋಣಿ, ಒಂದು ತುಕ್ಕು ಹಿಡಿದ ಕಂಟೇನರ್, ಎರಡು ಪ್ಲಾಸ್ಟಿಕ್ ಮೇಜು, ಒಂದು ನಾಯಿ. ಭಾನುವಾರ ಬೆಳಿಗ್ಗೆ ರೇಸು, ಆಮೇಲೆ ತಟ್ಟೆ ಇಡ್ಲಿ.

ಮೊನ್ನೆ ಭಾನುವಾರ ಆಷಾಢದ ಗಾಳಿ ಹೇಗಿತ್ತು ಅಂತ ನಿಮಗೆಲ್ಲ ಗೊತ್ತು. ನಾನು ಐಎಲ್‌ಸಿಎ 6ರಲ್ಲಿ (ಒಬ್ಬರೇ ಓಡಿಸೋ ಪುಟ್ಟ ದೋಣಿ) ಸ್ಟಾರ್‌ಬೋರ್ಡ್ ಟ್ಯಾಕ್‌ನಲ್ಲಿ, ಅಂದ್ರೆ ಗಾಳಿ ಬಲಗಡೆಯಿಂದ ಬರೋ ಹಾಗೆ, ಮೇಲಿನ ಮಾರ್ಕ್ ಕಡೆ ಹೋಗ್ತಿದ್ದೆ. (ಮಾರ್ಕ್ ಅಂದ್ರೆ ಸುತ್ತಿ ಬರಬೇಕಾದ ಗುರುತು, ನಮ್ಮಲ್ಲಿ ಹಳದಿ ಎಣ್ಣೆ ಕ್ಯಾನು, ಕೆಳಗೆ ಸೈಜುಗಲ್ಲು ಕಟ್ಟಿರೋದು.) ಕ್ಲಬ್ಬಿನ ಹಿರಿಯರೊಬ್ಬರು ನೀಲಿ ಹಾಯಿಯ ಎಂಟರ್‌ಪ್ರೈಸ್‌ನಲ್ಲಿ (ಇದು ಇಬ್ಬರ ದೋಣಿ) ಪೋರ್ಟ್ ಟ್ಯಾಕ್‌ನಲ್ಲಿ, ಅಂದ್ರೆ ಗಾಳಿ ಎಡಗಡೆಯಿಂದ ಬರೋ ಹಾಗೆ ಬಂದು, ನನ್ನ ಮೂತಿ ಮುಂದೇನೇ ತಿರುಗಿಸಿದ್ರು. ಧಡ್ ಅಂತ ಅವರ ಪಕ್ಕೆಗೆ ಗುದ್ದಿದೆ. ಅವರು "ಸಾರಿ ಕಣಯ್ಯ" ಅಂದು ಹಾಗೇ ಮುಂದೆ ಹೋಗಿ ಮೂರನೇ ಜಾಗದಲ್ಲಿ ಮುಗಿಸಿದ್ರು. ನಾನು ನಾಲ್ಕು. ದಡಕ್ಕೆ ಬಂದು ನೋಡಿದ್ರೆ ಮೂತಿ ಹತ್ರ ಜೆಲ್‌ಕೋಟ್‌ನಲ್ಲಿ (ದೋಣಿಯ ಹೊರಗಿನ ನುಣುಪು ಲೇಪ) ನಾಲ್ಕು ಇಂಚು ಕೂದಲೆಳೆ ಬಿರುಕು.

ಪ್ರೊಟೆಸ್ಟ್ (ಇನ್ನೊಬ್ಬರು ರೇಸಲ್ಲಿ ರೂಲ್ ಮುರಿದ್ರು ಅಂತ ಕೊಡೋ ದೂರು) ಹಾಕ್ಲಾ ಅಂತ ವಾಟ್ಸಾಪ್ ಗ್ರೂಪಲ್ಲಿ ಕೇಳಿದ್ದಕ್ಕೆ ಎರಡು ಪಂಗಡ ಆಗೋಯ್ತು. "ರೂಲ್ ರೂಲೇ" ಅಂತ ಒಂದು, "ಮನೆಯವರ ಥರ ಇದೀವಿ, ಇದೆಲ್ಲ ಬೇಕಾ" ಅಂತ ಇನ್ನೊಂದು. ನೀವೇನಂತೀರ?

ಸುಮ್ನೆ_ಬಂದೆ

ಒಂಬತ್ತು ದೋಣಿಗೆ ಪ್ರೊಟೆಸ್ಟ್ ಕಮಿಟಿ ಬೇರೆ ಕೇಡು.

ಗಂಗೊಳ್ಳಿ_ಗಾಳಿ

ಎಂತ ಮರಾಯ್ರೆ, ನಮ್ಮ ಬದಿಯಲ್ಲಿ ದೋಣಿಗೆ ದೋಣಿ ತಾಗಿದ್ರೆ ಎರಡು ಬೈಗುಳ, ಒಂದು ಬೀಡಿ, ಅಲ್ಲಿಗೆ ಮುಗೀತು. ನೀವು ಕೆರೆಯಲ್ಲಿ ಕೋರ್ಟ್ ಮಾಡ್ತೀರಿ ಅಲ್ದಾ?

ನಿಯಮಾವಳಿ_ನಂಜುಂಡ

ಅಭಿಪ್ರಾಯ ಆಮೇಲೆ. ಮೊದಲು ಮೂರು ಪ್ರಶ್ನೆ. ಗುದ್ದಿದ ತಕ್ಷಣ ನೀವು "ಪ್ರೊಟೆಸ್ಟ್" ಅಂತ ಕೂಗಿದ್ರಾ? ಅವರು ಟ್ಯಾಕ್ (ಮೂತಿಯನ್ನ ಗಾಳಿಗೆ ದಾಟಿಸಿ ತಿರುಗೋದು) ಮುಗಿಸಿ ಗಾಳಿಗೆ ಹಾಯಿ ಹಿಡಿದಿದ್ರಾ, ಇನ್ನೂ ತಿರುಗ್ತಾನೇ ಇದ್ರಾ? ಬರವಣಿಗೆಯಲ್ಲಿ ಏನಾದ್ರೂ ಕೊಟ್ಟಿದ್ದೀರಾ?

ಗಾಳಿಗುಂಡ

ಕೂಗಿದೆ ಸಾರ್, ಆದ್ರೆ "ಪ್ರೊಟೆಸ್ಟ್" ಅಂತಲ್ಲ. ಬೇರೇನೋ ಬಂತು ಬಾಯಲ್ಲಿ. ಅವರು ತಿರುಗ್ತಾನೇ ಇದ್ರು ಅನ್ಸುತ್ತೆ, ಹಾಯಿ ಇನ್ನೂ ಪಟಪಟ ಅಂತಿತ್ತು. ಬರೆದು ಏನೂ ಕೊಟ್ಟಿಲ್ಲ.

ನಿಯಮಾವಳಿ_ನಂಜುಂಡ

ಹಾಗಾದ್ರೆ ಕೇಳಿ.

ಪೋರ್ಟ್‌ನಲ್ಲಿರೋನು ಸ್ಟಾರ್‌ಬೋರ್ಡ್‌ನಲ್ಲಿರೋನಿಗೆ ದಾರಿ ಬಿಡಬೇಕು, ಅದು ರೇಸಿನ ನಿಯಮ ಪುಸ್ತಕದ ರೂಲ್ 10. ಟ್ಯಾಕ್ ಮಾಡ್ತಿರೋನು ತಿರುಗಿ ಮುಗಿಸೋ ತನಕ ಎಲ್ಲರಿಂದ ದೂರ ಇರಬೇಕು, ಅದು ರೂಲ್ 13. ಹಾಯಿ ಪಟಪಟ ಅಂತಿತ್ತು ಅನ್ನೋದು ನಿಜವಾದ್ರೆ ತಪ್ಪು ಹಿರಿಯರದ್ದೇ. ನೀರ ಮೇಲೇ ಎರಡು ಸುತ್ತು ಹಾಕಿ, ಅಂದ್ರೆ ಎರಡು ಟ್ಯಾಕ್ ಎರಡು ಜೈಬ್ (ಹಿಂಬದಿಯನ್ನ ಗಾಳಿಗೆ ದಾಟಿಸೋ ತಿರುವು) ಮಾಡಿ, ತಪ್ಪು ತೀರಿಸ್ಕೊಂಡು ಮುಂದೆ ಹೋಗಬಹುದಿತ್ತು. ಹೋಗಲಿಲ್ಲ.

ಈಗ ನಿಮ್ಮ ಸರದಿ. ರೂಲ್ 14 ಅಂತ ಒಂದಿದೆ. ದಾರಿ ನಿಮ್ಮದೇ ಆದ್ರೂ, ಎದುರಿನವನು ಬಿಡಲ್ಲ ಅಂತ ಖಾತ್ರಿ ಆದ ಮೇಲೆ ಗುದ್ದೋದನ್ನ ತಪ್ಪಿಸೋಕೆ ನೀವೂ ಪ್ರಯತ್ನ ಮಾಡಬೇಕು. ಡ್ಯಾಮೇಜ್ ಆಗದಿದ್ರೆ ನಿಮಗೆ ಮಾಫಿ, ಆಗಿದ್ರೆ ಇಲ್ಲ. ಬಿರುಕು ಡ್ಯಾಮೇಜು ಅಂತ ನೀವು ವಾದ ಮಾಡಿದಷ್ಟೂ ನಿಮ್ಮ ಕಾಲ ಮೇಲೇ ಕಲ್ಲು.

ಕೂಗೋದರ ವಿಚಾರ. ಆರು ಮೀಟರಿಗಿಂತ ಚಿಕ್ಕ ದೋಣಿಗೆ ಕೆಂಪು ಬಾವುಟ ಬೇಡ, ಆದ್ರೆ "ಪ್ರೊಟೆಸ್ಟ್" ಅನ್ನೋ ಮಾತು ಬಾಯಿಂದ ಬರಲೇಬೇಕು. ಗಾಯ ಇಲ್ಲಾ ಗಂಭೀರ ಹಾನಿ ಆಗಿದೆ ಅಂತ ಆ ಕ್ಷಣದಲ್ಲೇ ನಿಮಗೆ ಸ್ಪಷ್ಟವಾಗಿ ಕಂಡಿದ್ರೆ ಕೂಗದಿದ್ರೂ ನಡೆಯುತ್ತೆ. ನಿಮ್ಮದು ದಡಕ್ಕೆ ಬಂದ ಮೇಲೆ ಕಂಡ ಕೂದಲೆಳೆ. ಕೊನೆಯದಾಗಿ, ನಿಮ್ಮ ಕ್ಲಬ್ಬಿನ ರೇಸ್ ಸೂಚನೆಯಲ್ಲಿ ಬೇರೆ ಹೇಳಿಲ್ಲ ಅಂದ್ರೆ, ಕೊನೇ ದೋಣಿ ಮುಗಿಸಿದ ಎರಡು ಗಂಟೆಯೊಳಗೆ ಬರೆದು ಕೊಡಬೇಕು. ಇವತ್ತು ಮಂಗಳವಾರ.

ನಿಮ್ಮ ಪ್ರೊಟೆಸ್ಟ್ ಹುಟ್ಟೋಕೆ ಮುಂಚೆನೇ ಸತ್ತಿದೆ.

ಸುಮ್ನೆ_ಬಂದೆ

ಕೇಸ್ ಕ್ಲೋಸ್. ಇಡ್ಲಿ ಎಲ್ಲಿಂದ ತರಿಸ್ತೀರ?

ಪೇಡೆ_ಪ್ರಿಯ

ಕ್ಲೋಸ್ ಹೆಂಗ ಆಗ್ತದ್ರೀ? ಅವರ ಪ್ರಶ್ನಿ ಬ್ಯಾರೆ ಐತಿ. ಸಣ್ಣ ಕ್ಲಬ್ಬಿನ್ಯಾಗ ಪ್ರೊಟೆಸ್ಟ್ ಹಾಕೂದು ಸರಿ ಏನು ಅಂತ. ನಾ ಹೇಳ್ತೀನಿ, ಸಣ್ಣ ಕ್ಲಬ್ಬಿನ್ಯಾಗನ ಹಾಕಬೇಕು. ಇಲ್ಲಾಂದ್ರ ಏನಾಗ್ತದ ಅಂದ್ರ, ಹೊಟ್ಟ್ಯಾಗ ಇಟ್ಕೊಂಡು ಮುಂದಿನ ವಾರ ಬರೂದಿಲ್ಲ. ಅದರ ಮುಂದಿನ ವಾರನೂ ಬರೂದಿಲ್ಲ. ನಮ್ಮ ಬ್ಯಾಡ್ಮಿಂಟನ್ ಗ್ರೂಪ್ ಹಿಂಗ ಹಾಳಾತು. ಲೈನ್ ಮ್ಯಾಲೆ ಬಿದ್ದದ್ದು ಒಂದ ಶಟಲ್, ಮಾತು ಬಿಟ್ಟವರು ಆರು ಮಂದಿ.

ಹಾಕ್ರಿ, ಹಿಯರಿಂಗ್ ಮುಗಿಸ್ರಿ, ಚಾ ಕುಡೀರಿ. ಯಾರೂ ಯಾರ ಅಪ್ಪನ ಆಸ್ತಿ ನುಂಗಿಲ್ಲ.

ದೊಡ್ಡಬಳ್ಳಾಪುರ_ಲೋಕಲ್

ಒಂದು ಡೌಟು. ಬೆಂಗಳೂರಲ್ಲಿ ಸೈಲಿಂಗಾ? ಯಾವ ನೀರಲ್ಲಿ ಗುರೂ? ನೊರೆಯಲ್ಲಾ?

ಹಲಸೂರು_ಮಾಜಿ

ನಗಬೇಡಪ್ಪ. ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರು ಹಾಯಿ ಬಿಚ್ಚೋದು ನಿನ್ನೆ ಮೊನ್ನೆಯ ಮಾತಲ್ಲ. ಬಸ್ಸಲ್ಲಿ ಹೋಗೋವಾಗ ಕಿಟಕಿಯಿಂದ ಬಿಳಿ ತ್ರಿಕೋನ ಕಂಡಿದ್ರೆ ಅದೇ. ಸೇನೆಯ ಎಂಜಿನಿಯರುಗಳು "ತೃಷ್ಣಾ" ಅನ್ನೋ ದೋಣಿಯಲ್ಲಿ 1985ರಲ್ಲಿ ಮುಂಬೈಯಿಂದ ಹೊರಟು, ಭೂಮಿ ಸುತ್ತಿ 1987ರಲ್ಲಿ ವಾಪಸ್ ಬಂದರು. ಭಾರತದವರು ಹಾಗೆ ಸುತ್ತಿದ್ದು ಅದೇ ಮೊದಲು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಐಎಲ್‌ಸಿಎ 7ರಲ್ಲಿ ಕಂಚು ತಂದ ವಿಷ್ಣು ಸರವಣನ್ ಕೂಡ ಸೇನೆಯವರೇ. ಅದೇ ಕೂಟದಲ್ಲಿ ಐಎಲ್‌ಸಿಎ 4ರಲ್ಲಿ ನೇಹಾ ಠಾಕೂರ್‌ಗೆ ಬೆಳ್ಳಿ.

ಕೆರೆ ಗಾಳಿಯಲ್ಲಿ ಕಲಿತವನು ಸಮುದ್ರದಲ್ಲಿ ಹೆದರಲ್ಲ. ಸಮುದ್ರದ ಗಾಳಿ ಒಂದೇ ದಿಕ್ಕಿಂದ ಮರ್ಯಾದೆಯಾಗಿ ಬೀಸುತ್ತೆ. ನಮ್ಮಲ್ಲಿ ಒಂದು ಅಪಾರ್ಟ್‌ಮೆಂಟಿನ ಪಕ್ಕದಿಂದ ಒಂದು ಸಲ, ನೀಲಗಿರಿ ತೋಪಿನ ಸಂದಿಯಿಂದ ಇನ್ನೊಂದು ಸಲ. ಹಾಯಿ ಎಳೆದು ಬಿಟ್ಟು, ಎಳೆದು ಬಿಟ್ಟು ಕೈ ಬಿದ್ದೋಗುತ್ತೆ.

ಗಂಗೊಳ್ಳಿ_ಗಾಳಿ

ಸಮುದ್ರದ ಗಾಳಿ ಮರ್ಯಾದಸ್ಥ ಅಂದ್ರಾ? ಜೂನ್‌ನಲ್ಲಿ ಒಮ್ಮೆ ಬನ್ನಿ ಸಾರ್ ನಮ್ಮೂರಿಗೆ. ದೋಣಿ ಎಲ್ಲ ದಡದ ಮೇಲೆ ಮಡಲು ಹೊದ್ದು ಮಲಗಿರ್ತವೆ.

ಹಲಸೂರು_ಮಾಜಿ

ಒಪ್ಪಿದೆ, ಜೂನ್ ಬಿಟ್ಟು.

ಬಿಲ್ಲೆ_ಬೋರ್ಡ್

ನೀರಿನ ಬಗ್ಗೆ ಕೇಳಿದ್ರಲ್ಲ, ನಮ್ಮ ಕಥೆ ಹೇಳ್ತೀನಿ. ಹಲಸೂರಲ್ಲಿ 2016ರ ಮಾರ್ಚ್‌ನಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ನೆನಪಿದೆಯಾ? ಅವತ್ತಿಂದ ನಮ್ಮಮ್ಮ ನಾನು ಯಾವ ಕೆರೆಗೆ ಹೋದರೂ ಗೇಟಲ್ಲೇ ನಿಲ್ಲಿಸಿ ಸ್ನಾನ ಮಾಡಿಸಿ ಒಳಗೆ ಬಿಟ್ಕೋತಾರೆ.

ಹೋದ ವರ್ಷ ಲೇಸರ್ (ಐಎಲ್‌ಸಿಎಯ ಹಳೇ ಹೆಸರು) ಮಗುಚಿತು. ಮಗುಚೋದು ದೊಡ್ಡ ವಿಷಯ ಅಲ್ಲ, ಡ್ಯಾಗರ್‌ಬೋರ್ಡ್ (ದೋಣಿಯ ಅಡಿಗೆ ಇಳಿಬಿಡೋ ಹಲಗೆ) ಮೇಲೆ ನಿಂತು ಭಾರ ಹಾಕಿದ್ರೆ ಎದ್ದುಬಿಡುತ್ತೆ. ಇದು ಏಳಲೇ ಇಲ್ಲ. ಪೂರ್ತಿ ತಲೆಕೆಳಗಾಗಿ, ಕೂವೆಯ (ಹಾಯಿ ಕಟ್ಟೋ ಕಂಬ) ತುದಿ ಕೆರೆಯ ಹೂಳಿಗೆ ನಾಟಿಕೊಂಡಿತ್ತು. ನಾನು ಹೊಟ್ಟೆ ಮೇಲಾದ ದೋಣಿ ಮೇಲೆ ಕಪ್ಪೆ ಥರ ಕೂತಿದ್ದೆ. ಇಪ್ಪತ್ತು ನಿಮಿಷ ಆದ ಮೇಲೆ ರೆಸ್ಕ್ಯೂ ಬೋಟ್ ಬಂತು, ಯಾಕಂದ್ರೆ ಅದರ ಮೋಟರ್ ಹಗ್ಗ ಎಳೆಯೋಕೆ ದಡದಲ್ಲಿ ಯಾರೂ ಇರಲಿಲ್ಲ. ನಿಧಾನಕ್ಕೆ ಎಳೆದಾಗ ಕೂವೆಯ ತುದಿಗೆ ಒಂದು ಮೊಳ ಕಪ್ಪು ಕೆಸರು, ಅದಕ್ಕೆ ಸುತ್ತಿದ ಹಾಲಿನ ಕವರ್. ಕವರ್ ಮೇಲಿನ ಅಕ್ಷರ ಇನ್ನೂ ಓದಬಹುದಿತ್ತು.

ಸುಮ್ನೆ_ಬಂದೆ

ನೀಲಿನಾ ಹಸಿರಾ?

ಬಿಲ್ಲೆ_ಬೋರ್ಡ್

ನೀಲಿ. ಟೋನ್ಡ್.

ಕನ್ನಂಬಾಡಿ_ಹುಡ್ಗ

ಇದುಕ್ಕೇ ಹೇಳದು, ಕೆಆರ್‌ಎಸ್ ಹಿನ್ನೀರಿಗೆ ಬನ್ನಿ ಅಂತ. ಕಟ್ಟೆ ತುಂಬಿ 124.80 ಅಡಿ ಆದಾಗ ನೋಡ್ಬೇಕು ಕಣಣ್ಣೋ, ಕಣ್ಣು ಹಾಯಿಸಿದಷ್ಟೂ ನೀರು. ಗಾಳಿಗೆ ಅಡ್ಡ ಯಾವ ಅಪಾರ್ಟ್‌ಮೆಂಟೂ ಇಲ್ಲ. ನೀವು ಆ ಕುಂಟೇಲಿ ಗುದ್ದಾಡ್ತಾ ಕೂತವ್ರೆ.

ಗಾಳಿಗುಂಡ

ಬರಬಹುದು ಗುರು, ಆದ್ರೆ ಪ್ರತಿ ಭಾನುವಾರ ದೋಣಿ ಕಾರಿನ ಮೇಲೆ ಕಟ್ಕೊಂಡು ಮಂಡ್ಯ ದಾಟಿದ್ರೆ ಮನೇಲಿ ನನ್ನನ್ನೇ ಕಟ್ಟಿಹಾಕ್ತಾರೆ. ಹತ್ರದಲ್ಲಿ ಹೆಸರಘಟ್ಟ ಇದೆ, 1894ರಲ್ಲಿ ಕಟ್ಟಿದ್ದು, ಆದ್ರೆ ಅದು ತುಂಬೋದು ದೇವರ ಇಷ್ಟ. ನಮಗೆ ಸಿಕ್ಕಿರೋ ಕುಂಟೇನೇ ಕಾವೇರಿ.

ಲೆಕ್ಕದ_ಮೇಷ್ಟ್ರು

ಒಂದು ಅರ್ಥ ಆಗ್ತಿಲ್ಲ. ಒಬ್ಬನೇ ಓಡಿಸೋ ಐಎಲ್‌ಸಿಎ, ಇಬ್ಬರ ಎಂಟರ್‌ಪ್ರೈಸು, ಇವೆರಡೂ ಒಂದೇ ರೇಸಲ್ಲಿ ಹೇಗೆ? ಆಟೋಗೂ ಬಸ್ಸಿಗೂ ಪಂದ್ಯ ಕಟ್ಟಿದ ಹಾಗಾಯ್ತಲ್ಲ.

ನಿಯಮಾವಳಿ_ನಂಜುಂಡ

ಅದಕ್ಕೇ ಪೋರ್ಟ್ಸ್‌ಮತ್ ಯಾರ್ಡ್‌ಸ್ಟಿಕ್ ಇರೋದು ಮೇಷ್ಟ್ರೇ. ಪ್ರತಿ ಜಾತಿ ದೋಣಿಗೂ ಒಂದು ನಂಬರ್. ನಿಧಾನದ ದೋಣಿಗೆ ದೊಡ್ಡ ನಂಬರು. ಹಿಡಿದ ಸಮಯವನ್ನ 1000ದಿಂದ ಗುಣಿಸಿ ಆ ನಂಬರಿನಿಂದ ಭಾಗಿಸಬೇಕು. 1100 ನಂಬರಿನ ದೋಣಿ 44 ನಿಮಿಷ ತಗೊಂಡ್ರೆ ಲೆಕ್ಕಕ್ಕೆ 40 ನಿಮಿಷ. ಹಾಗಾಗಿ ನೀರ ಮೇಲೆ ಮೊದಲು ಬಂದವನು ಕಾಗದದ ಮೇಲೆ ಕೊನೆ ಆಗಬಹುದು.

ಲೆಕ್ಕದ_ಮೇಷ್ಟ್ರು

ಅಂದ್ರೆ ಗೆದ್ದವನಿಗೆ ತಾನು ಗೆದ್ದೆ ಅಂತ ಇಡ್ಲಿ ತಿನ್ನೋ ತನಕ ಗೊತ್ತಾಗಲ್ಲ. ಚೆನ್ನಾಗಿದೆ.

ಬಿಲ್ಲೆ_ಬೋರ್ಡ್

ಮತ್ತೆ ಸೋತವನು ಯಾರ್ಡ್‌ಸ್ಟಿಕ್ ಸರಿ ಇಲ್ಲ ಅಂತಾನೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ. ನಾನೂ ಅಂದಿದೀನಿ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಸಮುದ್ರಮಟ್ಟಕ್ಕಿಂತ ಇಲ್ಲಿ ಗಾಳಿ ಎಂಟೊಂಬತ್ತು ಪರ್ಸೆಂಟ್ ತೆಳು, ಅದೇ ವೇಗದಲ್ಲಿ ಬೀಸಿದ್ರೂ ಹಾಯಿಗೆ ಬೀಳೋ ಒತ್ತಡ ಕಮ್ಮಿ, ಆ ನಂಬರೆಲ್ಲ ನಮಗೆ ಹೊಂದಲ್ಲ ಅಂತ ಅರ್ಧ ಗಂಟೆ ವಾದ ಮಾಡಿದ್ದೆ. "ಎಲ್ಲರಿಗೂ ಅದೇ ತೆಳು ಗಾಳಿ ತಾನೆ?" ಅಂತ ಒಂಬತ್ತು ವರ್ಷದ ಹುಡುಗಿ ಕೇಳಿಬಿಟ್ಲು.

ಆಪ್ಟಿಮಿಸ್ಟ್_ತಾಯಿ

ಆ ಹುಡುಗಿ ನನ್ನ ಮಗಳು. 😀

ಇಷ್ಟು ಹೊತ್ತು ಓದ್ತಾ ಇದ್ದೆ, ಈಗ ಮಾತಾಡಲೇಬೇಕು. ನಮ್ಮ ಕ್ಲಬ್ಬೂ ಅದೇ. ಇವಳು ಓಡಿಸೋದು ಆಪ್ಟಿಮಿಸ್ಟ್, ನೋಡೋಕೆ ಹಿಟ್ಟು ನಾದೋ ಮರಿಗೆ, 35 ಕೆಜಿ, ನಾನೂ ಅವಳೂ ಸೇರಿ ಎತ್ತಬಹುದು. ಹದಿನೈದು ವರ್ಷದವರೆಗೆ ಅದರಲ್ಲೇ. ಮಕ್ಕಳಿಗೆ ಮೊದಲ ದಿನ ಹೇಳಿಕೊಟ್ಟಿದ್ದೇ ಬಲಗೈ ಮುಂದಿದ್ರೆ ನಿನ್ನ ದಾರಿ, ಎಡಗೈ ಮುಂದಿದ್ರೆ ಅವನ ದಾರಿ ಅಂತ. ಗುದ್ದಿದ್ರೆ ಎರಡು ಸುತ್ತು. ಮಕ್ಕಳು ಮಾತಾಡದೆ ಸುತ್ತು ಹಾಕಿ ಹೋಗ್ತವೆ. ಅವು ದಡದಲ್ಲಿ ನಿಂತು ದೊಡ್ಡವರನ್ನ ನೋಡ್ತಿರ್ತವೆ. ಮೊನ್ನೆ ಇವಳು ಕಾರಲ್ಲಿ ಕೇಳಿದ್ಲು, "ತಾತ ಯಾಕೆ ಸುತ್ತು ಹಾಕಲಿಲ್ಲ?" ಅಂತ. ನನ್ನ ಹತ್ರ ಉತ್ತರ ಇರಲಿಲ್ಲ.

ಗಾಳಿಗುಂಡ

ನೋಡಿದ್ರಾ! ನಾನು ಹೇಳ್ತಿರೋದೂ ಅದೇ ಮೇಡಂ. ನನಗೆ ಮೂರನೇ ಜಾಗ ಬೇಕಾಗಿಲ್ಲ. ಹಿರಿಯರು ಅಂದ್ರೆ ರೂಲ್ ಇಲ್ವಾ? ಕ್ಲಬ್ ಶುರು ಮಾಡಿದ್ದು ನಾವೇ ಅಂತ ಒಂದು ಗತ್ತು. ನಾವು ಹೊಸಬರು ಫೀಸ್ ಕಟ್ಟಿ, ದೋಣಿ ರಿಪೇರಿಗೆ ದುಡ್ಡು ಹಾಕಿ, ಕೊನೆಗೆ "ಸಾರಿ ಕಣಯ್ಯ" ಕೇಳಿಸ್ಕೊಂಡು ಬರಬೇಕು.

ಪೇಡೆ_ಪ್ರಿಯ

ಹೌದ್ ಬಿಡ್ರಿ. ಇದು ಗತ್ತ.

ಹಲಸೂರು_ಮಾಜಿ

ಒಂದು ಕಡೆಯದು ಕೇಳಿ ತೀರ್ಪು ಕೊಡಬೇಡಿ. ಎಂಟರ್‌ಪ್ರೈಸ್‌ಗೆ ಮುಂದೆ ಜಿಬ್ ಹಾಯಿ ಇದೆ, ದೋಣಿ ವಾಲಿದಾಗ ಗಾಳಿ ಕೆಳಗಿನ ಕಡೆ ಪೂರ್ತಿ ಮರೆ. 1956ರಿಂದ ಆ ದೋಣಿ ಓಡಿಸಿದವರೆಲ್ಲ ಜಿಬ್ ಕೆಳಗೆ ಬಗ್ಗಿ ಬಗ್ಗಿ ನೋಡಿ ಕತ್ತು ನೋವು ಬರಿಸ್ಕೊಂಡವರೇ.

ಜಿಬ್_ಹಿಡಿಯೋಳು (ಬುಧವಾರ, ಬೆಳಿಗ್ಗೆ 7:15)

ಆ ಎಂಟರ್‌ಪ್ರೈಸ್‌ನಲ್ಲಿ ಮುಂದೆ ಕೂತಿದ್ದವಳು ನಾನು. ಅವರು ನನ್ನ ಸೋದರಮಾವ. ಇದನ್ನ ಅವರಿಗೆ ತೋರಿಸಿಲ್ಲ, ತೋರಿಸೋದೂ ಇಲ್ಲ.

ಜಿಬ್ ಕೆಳಗೆ ನೋಡಬೇಕಾದ್ದು ನನ್ನ ಕೆಲಸ. ನಾನು ನೋಡಲಿಲ್ಲ. ಹಳದಿ ಕ್ಯಾನಿನ ಮೇಲೆ ನೀರುಕಾಗೆ ರೆಕ್ಕೆ ಒಣಗಿಸ್ತಾ ಕೂತಿತ್ತು, ಅದನ್ನ ನೋಡ್ತಿದ್ದೆ. ನಿಜ. ಮಾವ "ಕ್ಲಿಯರಾ?" ಅಂದ್ರು, ನಾನು "ಹ್ಞೂಂ" ಅಂದೆ. ಅವರು ತಿರುಗಿಸಿದ್ರು.

ಸುತ್ತು ಯಾಕೆ ಹಾಕಲಿಲ್ಲ ಅಂದ್ರೆ, ಗುದ್ದಿದಾಗ ಬೂಮ್ (ಹಾಯಿಯ ಅಡಿಯ ಅಡ್ಡಕೋಲು) ನನ್ನ ತಲೆಗೆ ಬಡೀತು. ರಕ್ತ ಏನಿಲ್ಲ, ಬುಗುಟು. ಅವರು ಗಾಬರಿಯಾಗಿ ದಡಕ್ಕೆ ಹೋಗೋಣ ಅಂದ್ರು, ನಾನೇ ಬೇಡ ಮುಗಿಸೋಣ ಅಂತ ಹಠ ಮಾಡಿದೆ. ದಡಕ್ಕೆ ಬಂದ ಮೇಲೆ ಅವರು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಶೆಡ್ಡಿನ ಬಾಗಿಲಲ್ಲಿ ತೂಗುಹಾಕಿರೋ ರಿಸಲ್ಟ್ ಶೀಟಲ್ಲಿ ತಮ್ಮ ಹೆಸರಿನ ಮುಂದೆ "ರಿಟೈರ್ಡ್" (ರೇಸಿನಿಂದ ಹಿಂದೆ ಸರಿದೆ) ಅಂತ ಬರೆದು ಸಹಿ ಹಾಕಿದ್ರು. ಭಾನುವಾರ ಹನ್ನೊಂದೂವರೆಗೆ. ನೀವು ಶೀಟ್ ನೋಡಿದ್ರಾ, ಗಾಳಿಗುಂಡ ಅವರೇ? ಮೂರನೇ ಜಾಗ ನಿಮ್ಮದೇ ಇದೆ ಅಲ್ಲಿ.

ಇನ್ನೊಂದು. ಹಿಂದಿನ ಹದಿನಾಲ್ಕು ಭಾನುವಾರದಲ್ಲಿ ಹನ್ನೊಂದು ಸಲ ರೆಸ್ಕ್ಯೂ ಬೋಟ್‌ನಲ್ಲಿ ಕೂತಿದ್ದು ಮಾವ. ಡ್ಯೂಟಿ ಪಟ್ಟಿಯಲ್ಲಿ ಬೇರೆಯವರ ಹೆಸರಿರುತ್ತೆ, ಆ ದಿನ ಅವರಿಗೆ ಮದುವೆ ಬರುತ್ತೆ, ಗೃಹಪ್ರವೇಶ ಬರುತ್ತೆ, ಹೊಟ್ಟೆನೋವು ಬರುತ್ತೆ. ರೇಸ್ ಶುರುವಿಗೆ ಮುಂಚಿನ ಐದು ನಿಮಿಷದ ಬಾವುಟ ಏರಿಸೋದು, ಇಳಿಸೋದು, ಹೂಟರ್ ಊದೋದು, ಮೋಟರ್ ಹಗ್ಗ ಎಳೆಯೋದು, ಪೆಟ್ರೋಲ್ ಕ್ಯಾನ್ ಹೊತ್ಕೊಂಡು ಬರೋದು ಎಲ್ಲ ಒಬ್ಬರೇ. ಮೂರು ತಿಂಗಳಾದ ಮೇಲೆ ಅವರು ಹಾಯಿ ಹಿಡಿದ ಮೊದಲ ರೇಸು ಅದು.

ಸುಮ್ನೆ_ಬಂದೆ

ಅಯ್ಯೋ.

ನಿಯಮಾವಳಿ_ನಂಜುಂಡ

ತಲೆಗೆ ಪೆಟ್ಟಾಗಿದ್ರೆ, ಅದು ಗಾಯ ಅಂತಾದ್ರೆ, ಎರಡು ಸುತ್ತು ಸಾಕಾಗ್ತಿರಲಿಲ್ಲ, ರಿಟೈರ್ ಆಗೋದೇ ದಂಡ. ಅವರು ಮಾಡಿದ್ದು ಪುಸ್ತಕದ ಪ್ರಕಾರ ಸರಿ. ಒಂಬತ್ತು ದೋಣಿಯ ಸರಣಿಯಲ್ಲಿ ರಿಟೈರ್ ಅಂದ್ರೆ ಹತ್ತು ಪಾಯಿಂಟು. ಕಡಿಮೆ ಪಾಯಿಂಟಿನವನು ಗೆಲ್ಲೋ ಆಟ ಇದು. ಮಧ್ಯಸ್ಥಿಕೆಯಲ್ಲಿ ಮುಗಿಸೋಕೆ ಅಪೆಂಡಿಕ್ಸ್ ಟಿ ಅಂತ ಒಂದಿದೆ, ಗಾಯ ಅಂತ ಆಗದಿದ್ರೆ, ನಿಮ್ಮ ಕ್ಲಬ್ ಅದನ್ನ ಸೂಚನೆಯಲ್ಲಿ ಸೇರಿಸ್ಕೊಂಡಿದ್ರೆ, 30 ಪರ್ಸೆಂಟ್ ದಂಡ ಒಪ್ಪಿ ಮೂರರ ಬದಲು ಆರು ಪಾಯಿಂಟಿಗೆ ನಿಲ್ಲಬಹುದಿತ್ತು. ಅವರು ಅದನ್ನೂ ಕೇಳಲಿಲ್ಲ.

ತಲೆ ಡಾಕ್ಟರಿಗೆ ತೋರಿಸಿದ್ರಾ ಅಮ್ಮ?

ಜಿಬ್_ಹಿಡಿಯೋಳು

ತೋರಿಸಿದೆ ಸಾರ್, ಏನಿಲ್ಲ ಅಂದ್ರು.

ಪೇಡೆ_ಪ್ರಿಯ

ನಾ ಗತ್ತ ಅಂದಿದ್ದೆ. ವಾಪಸ್ ತಗೋತೀನ್ರೀ. ಆದ್ರ ಒಂದು ಮಾತು. ಶೀಟ್‌ನ್ಯಾಗ ಬರದವರು ಗಾಳಿಗುಂಡ ಅವರಿಗೆ ಬಾಯಿಬಿಟ್ಟು ಹೇಳಬೇಕಿತ್ತು. "ನಂದ ತಪ್ಪು, ರಿಟೈರ್ ಆಗೀನಿ" ಅಂತ ನಾಕು ಶಬ್ದ. ಹೇಳಿದ್ರ ಇಷ್ಟ ಉದ್ದ ಚರ್ಚಾನ ಇರ್ತಿರಲಿಲ್ಲ.

ಗಂಗೊಳ್ಳಿ_ಗಾಳಿ

ಚರ್ಚೆ ಇಲ್ಲದಿದ್ರೆ ನಮಗೆ ಬುಧವಾರ ಹೊತ್ತು ಹೋಗುದು ಹೇಗೆ ಮರಾಯ್ರೆ.

ಕನ್ನಂಬಾಡಿ_ಹುಡ್ಗ

ನೀರುಕಾಗೆ ಮೇಲೆ ಪ್ರೊಟೆಸ್ಟ್ ಹಾಕಿ.

ಬಿಲ್ಲೆ_ಬೋರ್ಡ್

ನೀರುಕಾಗೆ ಮಾರ್ಕ್ ಮುಟ್ಟಿದೆ, ಒಂದು ಸುತ್ತು ಹಾಕಬೇಕು.

ಆಪ್ಟಿಮಿಸ್ಟ್_ತಾಯಿ

ಮಗಳಿಗೆ ಓದಿ ಹೇಳಿದೆ. "ತಾತ ಸುತ್ತು ಹಾಕಿದ್ರೆ ಸಾಕಿತ್ತು, ಯಾಕೆ ಅಷ್ಟೊಂದು ಪಾಯಿಂಟ್ ಬಿಟ್ಕೊಟ್ರು" ಅಂತ ಬೇಜಾರು ಮಾಡ್ಕೊಂಡ್ಲು. ಹಾಗೇ ನನ್ನದೊಂದು ತಪ್ಪೊಪ್ಪಿಗೆ: ಹೋದ ತಿಂಗಳು ಹೊಟ್ಟೆನೋವು ಬಂದಿದ್ದು ನನಗೇ.

ಗಾಳಿಗುಂಡ (ಬುಧವಾರ, ರಾತ್ರಿ 10:05)

ಬೆಳಿಗ್ಗೆನೇ ಓದಿದೆ. ಉತ್ತರ ಬರೆಯೋಕೆ ಇಷ್ಟು ಹೊತ್ತಾಯ್ತು.

ಶೀಟ್ ನೋಡಿರಲಿಲ್ಲ. ಕೋಪದಲ್ಲಿ ದೋಣಿ ತೊಳೀದೆ, ಟ್ರಾಲಿ ಮೇಲೆ ಹಾಗೇ ಬಿಟ್ಟು, ಇಡ್ಲಿನೂ ತಿನ್ನದೆ ಹೊರಟುಹೋಗಿದ್ದೆ. ನಿಮ್ಮ ತಲೆಗೆ ಪೆಟ್ಟಾಗಿದ್ದೂ ಗೊತ್ತಿರಲಿಲ್ಲ, ಕೇಳಲೂ ಇಲ್ಲ. ಅದಕ್ಕೆ ಕ್ಷಮೆ ಇರಲಿ. ಸಂಜೆ ಅವರ ಮನೆಗೆ ಹೋಗಿದ್ದೆ. ಇಲ್ಲಿನ ಚರ್ಚೆ ಬಗ್ಗೆ ಏನೂ ಹೇಳಿಲ್ಲ. ಬಿರುಕಿನ ಫೋಟೋ ತೋರಿಸಿದೆ. ಕನ್ನಡಕ ಹಣೆಗೆ ಏರಿಸಿ, ಫೋನು ಮೂಗಿನ ಹತ್ರ ಹಿಡಿದು ನೋಡಿ, "ಇದು ನಾನು ಗುದ್ದಿಸಿದ್ದಲ್ಲ ಕಣಯ್ಯ, ಇದು ನೀನು ಮಾರ್ಚ್‌ನಲ್ಲಿ ಕಲ್ಲಿನ ಮೆಟ್ಟಿಲ ಮೇಲೆ ಎಳೆದಾಗ ಆಗಿದ್ದು, ಆವತ್ತೇ ಹೇಳಿದ್ದೆ ಟೇಪ್ ಹಾಕು ಅಂತ" ಅಂದ್ರು. ನನಗೂ ಈಗ ಹೌದೇನೋ ಅನ್ಸುತ್ತೆ. ಶನಿವಾರ ಬಾ, ಉಜ್ಜಿ ಜೆಲ್‌ಕೋಟ್ ಹಚ್ಚೋಣ, ಒಣಗೋಕೆ ಬಿಸಿಲು ಬೇಕು, ಬೇಗ ಬಾ ಅಂದ್ರು.

ನಂಜುಂಡ ಸಾರ್ ಹೇಳಿದ ರೂಲ್ 14 ಮನಸ್ಸಲ್ಲೇ ಕೂತಿದೆ. ನನಗೆ ಅವರು ತಿರುಗಿಸ್ತಾರೆ ಅಂತ ಎರಡು ಸೆಕೆಂಡ್ ಮುಂಚೆ ಗೊತ್ತಾಗಿತ್ತು. ಟಿಲ್ಲರ್ (ಚುಕ್ಕಾಣಿ ಕೋಲು) ತಳ್ಳಬಹುದಿತ್ತು. ನನ್ನ ದಾರಿ ಅಂತ ತಳ್ಳಲಿಲ್ಲ.

ನಿಯಮಾವಳಿ_ನಂಜುಂಡ

ಇದನ್ನ ಹಿಯರಿಂಗ್‌ನಲ್ಲಿ ಹೇಳಿದ್ರೆ ಇಬ್ಬರನ್ನೂ ಡಿಸ್ಕ್ವಾಲಿಫೈ ಮಾಡ್ತಿದ್ದೆ.

ಗಾಳಿಗುಂಡ

ಗೊತ್ತು ಸಾರ್. ಅದಕ್ಕೇ ಇಲ್ಲಿ ಹೇಳಿದ್ದು.

ಈ ಭಾನುವಾರ ರೆಸ್ಕ್ಯೂ ಬೋಟ್ ನಾನು ತಗೋತೀನಿ ಅಂತ ಗ್ರೂಪಲ್ಲಿ ಹಾಕಿದೀನಿ. ಹದಿಮೂರು ಹೆಬ್ಬೆರಳು ಬಂತು, ಜೊತೆಗೆ ಬರ್ತೀನಿ ಅಂದವರು ಸೊನ್ನೆ.

ಆಪ್ಟಿಮಿಸ್ಟ್_ತಾಯಿ

ಬಾವುಟ, ಹೂಟರ್ ನನಗೆ ಬಿಡಿ. ಈ ಸಲ ಹೊಟ್ಟೆ ಚೆನ್ನಾಗಿದೆ.

ಜಿಬ್_ಹಿಡಿಯೋಳು

ಮೋಟರ್ ಹಗ್ಗ ಒಂದೇ ಸಲಕ್ಕೆ ಜೋರಾಗಿ ಎಳೀಬೇಡಿ, ಕಿತ್ತು ಬರುತ್ತೆ. ಮೊದಲು ನಿಧಾನಕ್ಕೆ ಬಿಗಿಯಾಗೋ ತನಕ ಎಳೆದು, ಆಮೇಲೆ ಎಳೀರಿ. ಪ್ರೊಪೆಲ್ಲರ್‌ಗೆ ಜೊಂಡು ಸಿಕ್ಕಿದ್ರೆ ಮೊದಲು ಮೋಟರ್ ಆಫ್ ಮಾಡಿ ಆಮೇಲೆ ಕೈ ಹಾಕಿ. ಬಲೆ ಹಾಕೋ ಹರಿಗೋಲಿನವರು ಒಂಬತ್ತು ಗಂಟೆಗೆ ಕೋರ್ಸ್ ಮಧ್ಯೆ ಬರ್ತಾರೆ, ಅವರಿಗೆ ಹೂಟರ್ ಊದಬೇಡಿ, ಹೋಗಿ ಮಾತಾಡ್ಸಿ. ಮಾವ ಅವರಿಗೆ ಒಂದು ಕಟ್ಟು ಬೀಡಿ ಇಟ್ಕೊಂಡಿರ್ತಾರೆ.

ಗಂಗೊಳ್ಳಿ_ಗಾಳಿ

ಬೀಡಿ! ನಾನು ಮೊದಲೇ ಹೇಳಿದ್ದೆ ಅಲ್ದಾ!

ಗಾಳಿಗುಂಡ

ಬರ್ಕೊಂಡೆ. ಒಂದೇ ಡೌಟು, ಪೆಟ್ರೋಲ್ ಕ್ಯಾನ್ ಈಗ ಯಾರ ಹತ್ರ ಇದೆ?

ಬಿಲ್ಲೆ_ಬೋರ್ಡ್

ನನ್ನ ಕಾರಿನ ಡಿಕ್ಕಿಯಲ್ಲಿ. ಮೇ ತಿಂಗಳಿಂದ.